ಮೂರನೆಯ ಸಂಪುಟದಲ್ಲಿ ಐದನೆಯದರ ಕೊಲೆ

"ಇನ್ನು ಮೇಲೆ ಈ ಅಂಗಡಿಯಲ್ಲಿ ಯಾರೂ ಗಂಟಲು ಹರಿದುಕೊಳ್ಳಬೇಕಾಗಿಲ್ಲ!" ಎಂದು ಬೈಂಡಿಂಗ್ ಅಂಗಡಿಯ ಸೊಸೆ ಒಂದು ಸೋಮವಾರ ಬೆಳಿಗ್ಗೆ ಘೋಷಿಸಿದಳು. ದೇವರಿಗೆ ಕೈಮುಗಿದು, ಸೊಂಟಕ್ಕೆ ಏಪ್ರನ್ ಬಿಗಿದು, ಸಿಂಹಾಸನ ಏರುವವಳಂತೆ ಸ್ಟೂಲಿನ ಮೇಲೆ ಕುಳಿತೇ ಈ ಘೋಷಣೆ ಮಾಡಿದಳು.

ಅಂಟಿನ ಡಬ್ಬಿ ಕಲಕುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಮಾವ ಮಾತ್ರ ಕೇಳಿದರು.

"ಕೂಗದೆ ಫಾರಂ ತಾಳೆ ನೋಡೋದು ಹೇಗಮ್ಮಾ?"

"ಮನಸ್ಸಿನಲ್ಲೇ, ಮಾವ! ನಾನು ಅಂದುಕೊಂಡರೆ ಸಾಕು, ಇವರಿಗೆ ತಿಳಿಯುತ್ತೆ. ಹತ್ತೊಂಬತ್ತು ವರ್ಷದ ಸಂಸಾರ ಅಂದರೆ ಸುಮ್ನೇನಾ?"

ಆ ಅಂಗಡಿಯ ಪದ್ಧತಿ ನಲವತ್ತು ವರ್ಷ ಹಳೆಯದು. ಪುಸ್ತಕವೆಂದರೆ ಬಿಡಿ ಹಾಳೆಗಳ ಗುಡ್ಡೆಯಲ್ಲ. ಹದಿನಾರು ಪುಟ ಸೇರಿದ ಮಡಿಕೆಯೇ ಒಂದು ಫಾರಂ; ಅಂಥ ಇಪ್ಪತ್ತೋ ಇಪ್ಪತ್ತೈದೋ ಫಾರಂ ಸೇರಿಸಿ ಹೊಲಿದರೆ ಒಂದು ಪುಸ್ತಕ. ಪ್ರತಿ ಫಾರಮಿನ ಅಡಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಸಂಪುಟದ ಅಂಕಿ, ಫಾರಮಿನ ಅಂಕಿ. ಹೊಲಿಯುವ ಮುನ್ನ ಮಾವ "ಎರಡು-ಏಳು" ಎಂದು ಕೂಗುವುದು, ಸೊಸೆ ಫಾರಂ ಎತ್ತಿ ಅಂಕಿ ನೋಡಿ "ಇದೆ" ಎನ್ನುವುದು, ಮಗ ದಬ್ಬಳ ಚುಚ್ಚುವುದು. ಮಾವನಿಗೆ ಕಣ್ಣು ಮಂಜಾಗಿ ಆರು ವರ್ಷವಾಗಿತ್ತು. ಬೆರಳು ಆಡಿಸಿ ರಟ್ಟಿನ ದಪ್ಪ ಹೇಳುತ್ತಿದ್ದರು, ಅಂಕಿ ಹೇಳಲಾಗುತ್ತಿರಲಿಲ್ಲ. ಆದರೂ ಆ ಅಂಗಡಿಯಿಂದ ಒಂದು ಹಾಳೆ ಹಿಂದುಮುಂದಾಗಿ ಹೋದದ್ದಿಲ್ಲ. ಆ ಕೂಗೇ ಅವರ ಕಣ್ಣು.

ಈಗ ಆ ಕೂಗಿಗೇ ಸೊಸೆ ಬೀಗ ಹಾಕಲು ಹೊರಟಿದ್ದಳು. ಕಾರಣ, ಗ್ರಂಥಾಲಯದಿಂದ ರಿಪೇರಿಗೆ ಬಂದಿದ್ದ ಏಳು ಸಂಪುಟಗಳ ಒಂದು ಕಾದಂಬರಿ ಮಾಲೆ. ಯಾವುದೋ ದೂರದ ಗ್ರಹ, ಅಲ್ಲಿ ಮೂರು ಚಂದ್ರರು, ಮೂರು ಚಂದ್ರರಿಗೂ ಒಂದೇ ಸಿಂಹಾಸನ, ಆ ಸಿಂಹಾಸನಕ್ಕೆ ಹಲ್ಲು ಮಸೆಯುವ ಒಂದೇ ಮನೆತನ. ಮನೆಯವರಿಗೆಲ್ಲ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುತ್ತದೆ. ಊಟಕ್ಕೆ ಕುಳಿತರೆ ತುಟಿ ಪಿಟಕ್ಕೆನ್ನುವುದಿಲ್ಲ, ಒಳಗೊಳಗೇ ಮಹಾಯುದ್ಧ! ಒಬ್ಬ ಚಿಕ್ಕಪ್ಪನ ಮನಸ್ಸು ಮಾತ್ರ ಯಾರಿಗೂ ಕೇಳಿಸದು. ಆದ್ದರಿಂದ ಲೋಟ ಒಡೆದರೂ ಎಲ್ಲರ ಅನುಮಾನ ಅವನ ಮೇಲೆಯೇ.

ಪುಸ್ತಕ ತಂದುಕೊಟ್ಟಾಗ ಗ್ರಂಥಪಾಲಕಿ ಮಾವನ ಮುಂದೆ ಕುಳಿತು ಒಂದು ಮಾತು ಹೇಳಿದ್ದರು. ಶನಿವಾರ ಸಂಜೆ ನಾಲ್ಕಕ್ಕೆ ಅವರು ಈ ಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ನಲವತ್ತು ಜನ ಬಂದು ಕೇಳುತ್ತಾರೆ. "ನನಗೆ ಕಣ್ಣು ಕಾಣಲ್ಲ, ಪುಟ ಹಾರಿಸ್ತೀನಿ ಅಂತ ಕಾರ್ಯದರ್ಶಿಗಳು ಸಮಿತಿಗೆ ಬರೆದಿದ್ದಾರೆ. ಇನ್ನೊಂದು ಸಲ ತಪ್ಪಿದರೆ ವಾಚನ ಬಂದ್. ನನಗೆ ವಾರಕ್ಕಿರೋದು ಅದೊಂದೇ ಸಂಜೆ. ಹಾಳೆ ಉದುರದ ಹಾಗೆ ಗಟ್ಟಿಯಾಗಿ ಹೊಲಿದುಕೊಡಿ."

"ನಮ್ಮ ಅಂಗಡಿಯದು, ಮೇಡಂ!" ಎಂದು ಸೊಸೆಯೇ ಎದೆ ತಟ್ಟಿ ಹೇಳಿದ್ದಳು.

ಹೇಳಿದವಳು ಸಂಪುಟಗಳ ಹಳೆಯ ಹೊಲಿಗೆ ಬಿಚ್ಚುತ್ತ ಬಿಚ್ಚುತ್ತ ಓದತೊಡಗಿದಳು. ಶಾಲೆಗೆ ಹೋಗದೆ, ಇದೇ ಅಂಗಡಿಯ ಹರುಕು ಹಾಳೆಗಳಲ್ಲಿ ಅಕ್ಷರ ಕಲಿತವಳು; ಓದುವುದೆಂದರೆ ಹಸಿದವಳಿಗೆ ಅನ್ನ ಕಂಡಂತೆ. ಆದರೆ ಬಾಯಲ್ಲಿ "ಇದೆ, ಇದೆ" ಎನ್ನುತ್ತ ಕಣ್ಣಲ್ಲಿ ಓದುವುದು ಹೇಗೆ? ಆ ಘನ ಘೋಷಣೆಯ ಹಿಂದಿದ್ದ ರಾಜಕಾರಣ ಇಷ್ಟೇ!

ಮೊದಲ ಪರೀಕ್ಷೆ ಅಲ್ಲೇ ನಡೆಯಿತು. ಅವಳು ಗಂಡನನ್ನು ದಿಟ್ಟಿಸಿ, "ಗಾಳಿಗೆ ಹಾಳೆ ಹಾರುತ್ತಿದೆ, ಕಿಟಕಿ ಮುಚ್ಚಿ" ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಗಂಡ ಎದ್ದ. ಕಿಟಕಿ ಮುಚ್ಚಿದ!

"ನೋಡಿದಿರಾ ಮಾವ!"

"ನನಗೇನು ಕಾಣುತ್ತಮ್ಮಾ" ಎಂದರು ಮಾವ. "ಮನಸ್ಸು ಓದೋದು ದೇವರ ಕೆಲಸ ಕಣಮ್ಮಾ. ಅವನೂ ಓದಿ ಸುಮ್ಮನಿರ್ತಾನೆ, ಊರಿಗೆಲ್ಲ ಹೇಳ್ಕೊಂಡು ಬರಲ್ಲ. ಆಗಲಿ, ನಿನ್ನಿಷ್ಟ" ಎಂದು ಕೋಲೂರಿಕೊಂಡು ಒಳಗೆ ಹೋದರು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಕೆಲಸದ ಹೊತ್ತಿನಲ್ಲಿ ಮಾವನ ಸ್ಟೂಲು ಖಾಲಿಯಾಯಿತು. ಸೊಸೆಗೆ ಅದು ಕಾಣಲೇ ಇಲ್ಲ. ಅವಳು ಆಗಲೇ ಎರಡನೆಯ ಚಂದ್ರನಲ್ಲಿದ್ದಳು.

ಬುಧವಾರ ಮೂರನೆಯ ಸಂಪುಟದ ಹನ್ನೆರಡನೆಯ ಫಾರಂ ಕೈಗೆ ಬಂತು. ಯುವರಾಣಿಯ ಮದುವೆ ನಡೆಯುತ್ತಿದೆ, ಚಿಕ್ಕಪ್ಪ ಕಂಬದ ಮರೆಯಲ್ಲಿ ನಿಂತಿದ್ದಾನೆ. ಇವನು ಕಳ್ಳನೋ ಸಾಧುವೋ? ತಾಳ್ಮೆ ಕಟ್ಟೆಯೊಡೆಯಿತು. ಅವಳು ಮೆಲ್ಲಗೆ ಐದನೆಯ ಸಂಪುಟದ ಗುಡ್ಡೆಗೆ ಕೈಹಾಕಿ, ಅಲ್ಲಿಯ ಹನ್ನೆರಡನೆಯ ಫಾರಂ ಎಳೆದು ಏಪ್ರನ್ನಿನ ಕೆಳಗೆ ಮಡಿಲಲ್ಲಿಟ್ಟುಕೊಂಡು ಓದಿದಳು. ನ್ಯಾಯಸ್ಥಾನ! ವಿಚಾರಣೆ! ಯುವರಾಣಿಯನ್ನು ಕೊಂದದ್ದು ಚಿಕ್ಕಪ್ಪನಲ್ಲ, ಮದುವೆಯಾದ ಗಂಡನೇ! "ಅಯ್ಯೋ ನಿನ್ನ ಮನೆ ಹಾಳಾಗ!" ಎಂದು ಬಾಯಿಗೆ ಸೆರಗು ಒತ್ತಿಕೊಳ್ಳುವಷ್ಟರಲ್ಲಿ ಟಕ್ ಟಕ್ ಎಂದು ಮಾವನ ಕೋಲಿನ ಸದ್ದು. ಗಡಿಬಿಡಿಯಲ್ಲಿ ಮಡಿಲಿನದೊಂದು, ಕೈಯಲ್ಲಿದ್ದದ್ದೊಂದು, ಎರಡನ್ನೂ ಎರಡು ಗುಡ್ಡೆಗೆ ತುರುಕಿದಳು. ಅಂಕಿ ನೋಡಿಕೊಳ್ಳಲಿಲ್ಲ. ಗಂಡನತ್ತ ಒಂದು ಗಂಭೀರ ನೋಟ ಬೀರಿದಳು. ಅವನು ಎದ್ದು ಕಿಟಕಿ ನೋಡಿ ಬಂದು ಹೊಲಿದ.

ಶನಿವಾರ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಸೊಸೆ ಗಂಡನನ್ನೂ ಮಾವನನ್ನೂ ಮುಂದಿನ ಸಾಲಿನಲ್ಲೇ ಕೂರಿಸಿದ್ದಳು. ತನ್ನ ಬೈಂಡಿಂಗಿನ ಹೊಳಪು ನಾಲ್ಕು ಜನ ನೋಡಲಿ ಎಂದು. ಗ್ರಂಥಪಾಲಕಿ ಮೂರನೆಯ ಸಂಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ಹಿಂದಿನ ವಾಚನ ನಿಂತ ಪುಟದಿಂದ ತುಂಬು ದನಿಯಲ್ಲಿ ಓದಿದರು. ವಾದ್ಯ ಮೊಳಗಿತು, ಮೂರು ಚಂದ್ರರೂ ಉದಯಿಸಿದರು.

"ಮದುಮಗನು ಮುಗುಳ್ನಕ್ಕು, ಯುವರಾಣಿಯ ಬೆರಳಿಗೆ ಉಂಗುರ ತೊಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದನು: ಇಂದಿನಿಂದ ಇವಳ..."

ಪುಟ ತಿರುಗಿತು.

"...ಕೊಲೆಗೆ ನಾನೇ ಕಾರಣ. ಶವವನ್ನು ತೋಟದಲ್ಲಿ ಹೂತಿದ್ದೇನೆ."

ಸಭೆ ಕೆರಳಿತು.

"ಮದುವೆ ಮಂಟಪದಲ್ಲೇನಾ?" ಎಂದು ಬೀಗ ರಿಪೇರಿಯವನು ಎದ್ದು ನಿಂತ. "ಹುಡುಗಿ ಪಕ್ಕದಲ್ಲೇ ನಿಂತಿದ್ದಾಳಲ್ರೀ!"

"ಅಯ್ಯೋ, ಚಿಕ್ಕಪ್ಪ ಅಲ್ವಾ?" ಎಂದರು ನಿವೃತ್ತ ನರ್ಸಮ್ಮ ಅಳುಮೋರೆಯಲ್ಲಿ. "ಎರಡು ಸಂಪುಟದಿಂದ ಅವನಿಗೆ ಶಾಪ ಹಾಕ್ತಾ ಬಂದಿದ್ದೀನಿ. ಪಾಪ ನನಗೇ ಬಂತಲ್ಲಪ್ಪಾ!"

ಕಾರ್ಯದರ್ಶಿ ಇದಕ್ಕೇ ಕಾದಿದ್ದವರಂತೆ ಕುರ್ಚಿ ಹಿಂದೆ ತಳ್ಳಿದರು. "ನೋಡಿದ್ರಾ? ಪುಟ ಹಾರಿಸಿದ್ರು! ಒಂದಲ್ಲ, ರಾಶಿ ಪುಟ! ನಾನು ಬರೆದದ್ದು ಸುಳ್ಳಾ? ಈ ವಾಚನ ಇವತ್ತಿಗೆ ಸಾಕು ಮಾಡೋಣ."

"ನಾನು ಹಾರಿಸಲಿಲ್ಲ" ಎಂದರು ಗ್ರಂಥಪಾಲಕಿ. ಪುಟ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿದರು. ದನಿ ಸಣ್ಣಗಾಯಿತು. "ಹಾರಿಸಿದೆನೋ ಏನೋ... ಕಣ್ಣು ಈಚೆಗೆ..."

ಸೊಸೆಯ ಕಿವಿ ಕಾದ ಹೆಂಚಾಯಿತು. ಅವಳಿಗೆ ಎಲ್ಲ ತಿಳಿದುಹೋಗಿತ್ತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಆ ಹೆಂಗಸಿನ ಶನಿವಾರ ಹೋಗುತ್ತದೆ. ಅವಳು ಗಂಡನತ್ತ ತಿರುಗಿ, ಇದ್ದಬದ್ದ ಮನೋಬಲವನ್ನೆಲ್ಲ ಕಣ್ಣಿಗೆ ತಂದು ನೋಡಿದಳು: "ರೀ, ತಪ್ಪು ನಮ್ಮದು ಅಂತ ನೀವೇ ಹೇಳಿಬಿಡಿ!"

ಗಂಡ ಅರ್ಥವಾದವನಂತೆ ತಲೆಯಾಡಿಸಿದ. ಎದ್ದ. ನೇರವಾಗಿ ಹೋಗಿ ಸಭಾಂಗಣದ ಕಿಟಕಿ ಮುಚ್ಚಿ ಬಂದ.

"ಸರಿ ಹೋಯ್ತಾ?" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಪಕ್ಕದಲ್ಲಿ ಕೋಲು ನೆಲಕ್ಕೆ ಊರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು. "ಮೇಡಂದು ತಪ್ಪಿಲ್ಲ. ಫಾರಂ ಅದಲು ಬದಲಾಗಿರಬೇಕು. ಎಣಿಕೆ ಕೂಗೋದು ನನ್ನ ಕೆಲಸ. ಈ ಸಲ ನಾನು ಕೂಗಲಿಲ್ಲ. ತಪ್ಪು ನಂದು."

ನಲವತ್ತು ವರ್ಷ ಒಂದು ಹಾಳೆ ತಪ್ಪದ ಮನುಷ್ಯ, ತನಗೆ ಕಾಣದ ನಲವತ್ತು ಮುಖಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿ ಬಿಡಲಿಲ್ಲ, ಅವಳೇ ಬಾಯಿ ಬಿಡಬೇಕಾಯಿತು.

"ಮಾವಂದಲ್ಲ, ನಂದು!" ಎದ್ದು ನಿಂತು ಎಲ್ಲ ಹೇಳಿದಳು. ಕೂಗು ನಿಲ್ಲಿಸಿದ್ದು, ಮಡಿಲಲ್ಲಿಟ್ಟು ಕದ್ದು ಓದಿದ್ದು, ಸದ್ದಿಗೆ ಹೆದರಿ ತುರುಕಿದ್ದು. "ಮನಸ್ಸು ಓದೋದು" ಎಂಬಲ್ಲಿಗೆ ಬಂದಾಗ ದನಿ ಹೊರಡಲೇ ಇಲ್ಲ.

ಕಾರ್ಯದರ್ಶಿ ಸೋಲೊಪ್ಪಲಿಲ್ಲ. "ಅದಕ್ಕೆ ಸಾಕ್ಷಿ?"

"ಪುಟದ ಅಡಿಯಲ್ಲಿ ಅಂಕಿ ಇದೆ, ನೀವೇ ಓದಿ" ಎಂದರು ಮಾವ.

ಕಾರ್ಯದರ್ಶಿ ಪುಸ್ತಕವನ್ನು ಮೂಗಿನ ಹತ್ತಿರ ತಂದರು. ಕೈ ಚಾಚಿ ದೂರ ಹಿಡಿದರು. ಬೆಳಕಿಗೆ ತಿರುಗಿಸಿದರು. ಕೊನೆಗೆ ಕೆಮ್ಮಿ, "ಮೇಡಂ, ನಿಮ್ಮ ಕನ್ನಡಕ ಒಂದು ನಿಮಿಷ..." ಎಂದರು.

"ಐದು-ಹನ್ನೆರಡು" ಎಂದು ಓದುವಷ್ಟರಲ್ಲಿ ಸಭೆಯ ನಗೆಗೆ ಅವರ ದನಿ ಮುಳುಗಿಹೋಗಿತ್ತು. ವಾಚನ ನಿಲ್ಲಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಗ್ರಂಥಪಾಲಕಿ ಮಾತ್ರ ನಗಲಿಲ್ಲ. ಎರಡೂ ಸಂಪುಟಗಳನ್ನು ಸೊಸೆಯ ಕೈಗಿತ್ತು ಮೆಲ್ಲಗೆ ಹೇಳಿದರು: "ಹೊಲಿಗೆ ಬಿಚ್ಚಿ ಸರಿ ಮಾಡಬಹುದು, ಮಗಳೇ. ಈ ನಲವತ್ತು ತಲೆಯಿಂದ ಆ ಕೊಲೆಯನ್ನ ಹೇಗೆ ಬಿಚ್ಚುತ್ತೀ?"

ಬೈದಿದ್ದರೆ ಹಗುರವಾಗುತ್ತಿತ್ತು. ಆ "ಮಗಳೇ" ಎಂಬುದು ದಬ್ಬಳಕ್ಕಿಂತ ಆಳಕ್ಕೆ ಚುಚ್ಚಿತು.

ಮನೆಯ ದಾರಿಯಲ್ಲಿ ಅವಳು ಗಂಡನನ್ನು ಕೇಳಿದಳು. "ನಾನು ಹಾಗೆ ನೋಡಿದಾಗ ನಿಮಗೆ ಏನನ್ನಿಸ್ತು?"

"ಕಿಟಕಿ ಮುಚ್ಚಿ ಅಂತ."

"ಅಂಗಡಿಯಲ್ಲಿ ನೋಡಿದಾಗ?"

"ಕಿಟಕಿ."

"ಹತ್ತೊಂಬತ್ತು ವರ್ಷದಿಂದಲೂ?"

ಗಂಡ ಪ್ರಾಮಾಣಿಕವಾಗಿ ಯೋಚಿಸಿದ. "ಮೊದಲನೇ ವರ್ಷ ನನಗೂ ಏನೇನೋ ಅನ್ನಿಸ್ತಿತ್ತು. ಆಮೇಲೆ ಕಿಟಕಿ ಮುಚ್ಚಿದರೆ ನೀನು ಸುಮ್ಮನಾಗ್ತೀಯ ಅಂತ ಗೊತ್ತಾಯ್ತು."

ಸೋಮವಾರ ಮಾವನ ಸ್ಟೂಲು ಅದರ ಜಾಗಕ್ಕೆ ಬಂತು. ಅವಳೇ ಅದನ್ನು ಒರೆಸಿ ಹಾಕಿದಳು. ಕೂರುವ ಮುನ್ನ ಅವರ ಕಾಲು ಮುಟ್ಟಿದಳು. "ಹೋಗಲಿ ಬಿಡಮ್ಮಾ" ಎಂದು ಅವರು ಗಂಟಲು ಸರಿಮಾಡಿಕೊಂಡರು. ಮೂರನೆಯ ಸಂಪುಟ ಮೊದಲಿನಿಂದ ಶುರುವಾಯಿತು. ಬೀದಿಯ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ!

"ಮೂರು-ಹನ್ನೊಂದು."

"ಇದೆ, ಮಾವ."

"ಮೂರು-ಹನ್ನೆರಡು."

ಅವಳು ಅಂಕಿಯನ್ನು ಮೂರು ಸಲ ನೋಡಿ, ಬೆರಳಿಂದ ಮುಟ್ಟಿ, "ಇದೆ, ಮಾವ" ಎಂದಳು.

"ಮೂರು-ಹದಿಮೂರು."

"ಇದೆ."

"ಐದು-ಹದಿಮೂರು."

"ಇದೆ."

ದಬ್ಬಳ ನಿಂತಿತು. ಗಂಡ ತಲೆ ಎತ್ತಿ ಅವಳನ್ನು ನೋಡಿದ. ಅಭ್ಯಾಸಬಲದಿಂದ ಕಿಟಕಿಯತ್ತಲೂ ಒಮ್ಮೆ ನೋಡಿದ. ಮಾವ ಮಂಜುಗಣ್ಣನ್ನು ಚಾವಣಿಗೆ ನೆಟ್ಟು, ಖಾಲಿ ಕೈಯನ್ನು ಅವಳತ್ತ ಚಾಚಿದರು.

"ಇದ್ದರೆ ಇಲ್ಲಿ ಕೊಡಮ್ಮಾ."

ಅವಳು ಏಪ್ರನ್ನಿನ ಕೆಳಗಿಂದ ಫಾರಂ ತೆಗೆದು ಆ ಕೈಯಲ್ಲಿಟ್ಟಳು. ಮುಖ ಕೆಂಪಾಗಿತ್ತು.

"ನನ್ನ ಮನಸ್ಸು ಓದಿದಿರಾ, ಮಾವ?"

"ಇಲ್ಲಮ್ಮಾ. ಹಾಳೆ ತಿರುವೋ ಸದ್ದು ಕೇಳಿಸ್ತು."