ಉಸುಕಿನಲ್ಲಿ ಕಳೆದ ಹೆಸರು

ಮನೆಯಲ್ಲಿ ಯಾವ ವಸ್ತು ಕಳೆದರೂ ಅದನ್ನು ಹುಡುಕುವ ಕೆಲಸ ಕಳೆದವರದ್ದಲ್ಲ, ಮನೆಯ ಹೆಂಗಸರದ್ದು. ಕಳೆದವರು ಕಟ್ಟೆಯ ಮೇಲೆ ಕುಳಿತು "ಇಲ್ಲೇ ಇಟ್ಟಿದ್ದೆ" ಎಂದು ಹೇಳುತ್ತಿರುತ್ತಾರೆ. ಉಳಿದವರು ಮಂಚದ ಕೆಳಗೆ, ಕಾಳು ತುಂಬುವ ಹಗೇವಿನ ಬಾಯಿಯಲ್ಲಿ, ದನದ ಗೋದಲಿಯಲ್ಲಿ ಹುಡುಕುತ್ತ ತಿರುಗಬೇಕು. ನಿಮ್ಮ ಅಜ್ಜ ತಲೆಯ ಮೇಲಿದ್ದ ಟೋಪಿಯನ್ನೇ ನನ್ನಿಂದ ಹುಡುಕಿಸಿದವರು. ಟೋಪಿ ಸಿಕ್ಕಿದೆ ಎಂದು ಅತ್ತೆ ಮಾವಂದಿರ ಎದುರಿಗೆ ಹೇಳಲು ನಾಚಿ, ನಾನು ಅದನ್ನು ಮತ್ತಷ್ಟು ಹೊತ್ತು ಹುಡುಕಿದವಳು. ಹೀಗೆ ಏನೆಲ್ಲ ಹುಡುಕಿದ್ದೇನೆ; ಆದರೆ ಹೊಳೆಯನ್ನು ಹುಡುಕಿದ್ದು ಒಂದೇ ಸಲ. ಆ ಕಥೆಯನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಹಿರಿಯ ಮೊಮ್ಮಗ. "ಅಜ್ಜಿ, ನಾನು ಮಿಲಿಟರಿಯವನೂ ಅಲ್ಲ, ಪೊಲೀಸನೂ ಅಲ್ಲ, ನನಗ್ಯಾಕ ಹವಾಲ್ದಾರ ಅಂತ ಕರೀತಿ?" ಎಂದು ಮೊನ್ನೆ ಕೇಳಿದ. ಎದುರಿಗೆ ಕೂತು ಹೇಳುವಷ್ಟು ಬಾಯಿ ನನಗಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಬರೆಯುತ್ತೇನೆ.

ನಮ್ಮ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಗಂಡನೂ ಹಿರಿಯರ ಎದುರಿಗೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಾಗಾದರೆ ಸಂಸಾರ ಹೇಗೆ ನಡೆಯಬೇಕು? ನಿಮ್ಮ ಅಜ್ಜ ಒಂದು ಉಪಾಯ ಕಂಡುಕೊಂಡಿದ್ದರು. ಅವರ ಬೆರಳಿನಲ್ಲಿ ಬಂಗಾರದ ಉಂಗುರವಿತ್ತು. ಪಡಸಾಲೆಯಲ್ಲಿ ನಿಂತು ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಅದನ್ನು ಬಡಿಯುತ್ತಿದ್ದರು. ಒಮ್ಮೆ ಬಡಿದರೆ ನೀರು, ಎರಡು ಸಲ ಬಡಿದರೆ ಚಹಾ, ಬಿಟ್ಟೂಬಿಡದೆ ಟಕಟಕ ಎಂದರೆ ಸಿಟ್ಟು. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಬಡಿದು ಸುಮ್ಮನಾದರೆ ಏನೂ ಬೇಡ ಎಂದರ್ಥ. ನಾನು ಒಳಗೆ ಇದ್ದೇನೋ ಇಲ್ಲವೋ ಎಂದು ನೋಡುವುದು ಅಷ್ಟೆ. ಆ ಉಂಗುರ ಅವರ ಅಜ್ಜನದು. ಅಜ್ಜನ ಹೆಸರನ್ನೇ ಮೊಮ್ಮಗನಿಗೂ ಇಟ್ಟಿದ್ದರಿಂದ ಹೆಸರೂ ಉಂಗುರವೂ ಒಟ್ಟಿಗೇ ಬಂದಿದ್ದವು. ಉಂಗುರದ ಒಳಗೆ ಆ ಹೆಸರನ್ನು ರಾಮದುರ್ಗದ ಹಳೆಯ ಅಕ್ಕಸಾಲಿಗನೊಬ್ಬ ಮರಾಠಿ ಅಕ್ಷರದಲ್ಲಿ ಕೊರೆದಿದ್ದ. ಇದರಿಂದ ಇನ್ನೊಂದು ತೊಡಕಾಗಿತ್ತು. ಮಗನ ಹೆಸರು ಮಾವನ ಹೆಸರೇ ಆದ್ದರಿಂದ ನಮ್ಮ ಅತ್ತೆಯೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹಡೆದ ಮಗನನ್ನು ಹುಟ್ಟಿದಾಗಿನಿಂದ ಅವರು "ಅಪ್ಪಣ್ಣ" ಎಂದೇ ಕರೆದರು.

ಮಲಪ್ರಭೆಗೆ ಮೇಲುಗಡೆ ಅಣೆಕಟ್ಟು ಕಟ್ಟಿದ ಹೊಸತು. ಮನೋಳಿಯ ಹತ್ತಿರ ಹೊಳೆ ಸೊರಗಿ, ದಂಡೆಯ ಉಸುಕು ಅಗಲವಾಗಿತ್ತು. ನಮ್ಮದು ಸಿರಸಂಗಿಯ ಕಡೆಯ ಹಳ್ಳಿ. ಆ ವರ್ಷ ಸಂಕ್ರಾಂತಿಗೆ ಚಕ್ಕಡಿ ಹೂಡಿಕೊಂಡು ಅಲ್ಲಿಗೆ ಹೋದೆವು. ಮೈಗೆ ಅರೆದ ಎಳ್ಳು ಹಚ್ಚಿಕೊಂಡು ಜಳಕ ಮಾಡಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದದ್ದನ್ನು ಉಸುಕಿನ ಮೇಲೆ ಕೂತು ಉಂಡೆವು. ಎಳ್ಳಿನ ಜಿಡ್ಡಿಗೆ ಉಂಗುರ ಯಾವಾಗ ಜಾರಿತೋ ದೇವರಿಗೇ ಗೊತ್ತು. ಮನೆಗೆ ಬಂದು ಚೌಕಟ್ಟಿಗೆ ಬೆರಳು ಬಡಿದಾಗ ಸಪ್ಪಳ ಬರಲಿಲ್ಲ. ನಿಮ್ಮ ಅಜ್ಜ ಕೈ ನೋಡಿಕೊಂಡು ಹೇಳಿದ್ದು, "ಇಲ್ಲೇ ಇತ್ತಲ್ಲ."

ಉಂಗುರ ಹೋದ ಮೇಲೆ ಅವರು ಕೆಮ್ಮಲು ಶುರು ಮಾಡಿದರು. ಆದರೆ ನಮ್ಮ ಮಾವನವರಿಗೆ ನಿಜವಾಗಿಯೂ ಕೆಮ್ಮಿತ್ತು. ಮಾವನವರು ಕೆಮ್ಮಿದಾಗಲೆಲ್ಲ ನಾನು ಚಹಾ ಹಿಡಿದು ಓಡಿಬರುತ್ತಿದ್ದೆ. ಅವರು ಬೇಡ ಎನ್ನಲು ಸಂಕೋಚಪಟ್ಟು ಕುಡಿಯುತ್ತಿದ್ದರು, ಕುಡಿದು ಇನ್ನಷ್ಟು ಕೆಮ್ಮುತ್ತಿದ್ದರು. ಇತ್ತ ನಿಮ್ಮ ಅಜ್ಜ ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡು, ನಾನು ಬೇಕೆಂದೇ ಬರುತ್ತಿಲ್ಲ ಎಂದು ಮುಖ ಊದಿಸಿಕೊಂಡರು. ಬೇಕೆಂದೇ ಅಲ್ಲ ಎಂದು ಹೇಳುವುದಕ್ಕಾದರೂ ಅವರು ನನ್ನನ್ನು ಕರೆಯಬೇಕಲ್ಲ. ಆ ಮೆಲ್ಲನೆಯ ಸಪ್ಪಳವಂತೂ ಕೆಮ್ಮಿನಲ್ಲಿ ಬರುವಂಥದ್ದಲ್ಲ. ಮನೆಯಲ್ಲಿ ಎಲ್ಲರೂ ಇದ್ದರೂ ನನಗೆ ಹೊತ್ತು ಹೋಗದಂತಾಯಿತು.

ಅಷ್ಟರಲ್ಲಿ ಸುದ್ದಿ ಬಂತು. ಹೊಳೆಯ ದಂಡೆಯಲ್ಲಿ ಕಲ್ಲಂಗಡಿ ಹಾಕುವ ಮಲ್ಲಪ್ಪ ಎಂಬವನು ಹಬ್ಬದ ಕಸ ತೆಗೆಯಲು ಟ್ರ್ಯಾಕ್ಟರು ತಂದು ಉಸುಕು ಹರಗಿಸುತ್ತಿದ್ದಾನಂತೆ. ಅದರ ಹಿಂದೆಯೇ ಬೈಲಹೊಂಗಲದಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಮಾಜಿ ಹವಾಲ್ದಾರರು ಒಂದು ಯಂತ್ರ ಹಿಡಿದು ಓಡಾಡುತ್ತಿದ್ದಾರಂತೆ. ನೆಲದೊಳಗೆ ಬಂಗಾರವಿದ್ದರೆ ಅದು ಕೂಗುತ್ತದಂತೆ. ನಿಮ್ಮ ಅಜ್ಜ ಅರಿವೆ ಅಂಗಡಿಯ ಮಾಲು ತರಲು ರಾಮದುರ್ಗಕ್ಕೆ ಹೋಗಿದ್ದರು. ಅತ್ತೆ ಸೆರಗು ಹೊದ್ದು ಎದ್ದರು. "ನಡೀಯವಾ. ಇನ್ನೊಂದು ವಾರ ಹಿಂಗ ಆದ್ರ ನಿಮ್ಮ ಮಾವ ಚಹಾ ಕುಡದ ಸಾಯ್ತಾರ."

ಬಸ್ಸು ಹಿಡಿದು ಹೋಗಿ ನೋಡಿದರೆ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಹಲ್ಲುಗಳ ದೊಡ್ಡ ಹಣಿಗೆಯಂಥದನ್ನು ಕಟ್ಟಿದ್ದರು. ಅದು ಹೋದಲ್ಲೆಲ್ಲ ಪತ್ರಾವಳಿ, ತೆಂಗಿನ ಚಿಪ್ಪು, ಒಡೆದ ಬಳೆ ಮೇಲೆ ಬರುತ್ತಿದ್ದವು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಹೊಳೀ ತಲಿ ಬಾಚಾಕ ಹತ್ಯಾರ ನೋಡ," ಎಂದರು. ಹವಾಲ್ದಾರರು ದಪ್ಪ ಮೀಸೆಯವರು. ಕೈಯಲ್ಲಿ ಉದ್ದನೆಯ ಕೋಲು, ತುದಿಗೆ ತಾಮ್ರದ ತಂತಿ ಸುತ್ತಿದ ಚಕ್ರ, ಹಿಡಿಕೆಯ ಹತ್ತಿರ ಒಂದು ಬಿಚ್ಚಿದ ಟ್ರಾನ್ಸಿಸ್ಟರು. ನಾವು ಹತ್ತಿರ ಹೋದದ್ದೇ ತಡ ಯಂತ್ರ ಕುಂಯ್ ಎಂದಿತು.

"ದೂರ ನಿಂದರ್ರಿ ಅವ್ವಾರ. ನಿಮ್ಮ ಕಾಲುಂಗುರಕ್ಕ ಒದರಾಕ ಹತ್ತೇತಿ."

"ಇದು ಬಂಗಾರಕ್ಕ ಒದರ್ತೇತಿ ಅಂದ್ರಲ್ರಿ?"

"ಬಂಗಾರಕ್ಕೂ ಒದರ್ತೇತಿ, ಬೆಳ್ಳಿಗೂ ಒದರ್ತೇತಿ, ಎತ್ತಿನ ಲಾಳಕ್ಕಂತೂ ಭಾಳ ಪ್ರೀತಿ. ಒಮ್ಮೊಮ್ಮೆ ಅದಕ್ಕ ತಾನು ರೇಡಿಯೋ ಅನ್ನೂದು ನೆನಪಾಗಿ ಪೇಟೆ ಧಾರಣಿ ಹೇಳಾಕ ಶುರು ಮಾಡತೇತಿ. ಅದನ್ನ ಮನಸಿಗೆ ಹಚಗೋಬ್ಯಾಡ್ರಿ."

ಹವಾಲ್ದಾರರಿಗೆ ಟ್ರ್ಯಾಕ್ಟರಿನ ಮೇಲೆ ಸಿಟ್ಟಿತ್ತು. ಮೊನ್ನೆ ಬಿದ್ದದ್ದನ್ನು ಅದು ಆಳಕ್ಕೆ ನೂಕಿ, ಮುತ್ತಜ್ಜನ ಕಾಲದ ಮೊಳೆಗಳನ್ನು ಮೇಲೆ ತರುತ್ತದೆ ಎಂದು ಗೊಣಗುತ್ತ, ಅಗೆಯುತ್ತ ಹೋದರು. ಮೊಳೆ ಬಂದವು, ಎಣ್ಣೆ ಡಬ್ಬಿಯ ಮುಚ್ಚಳ ಬಂತು, ಲಾಳ ಬಂದವು. ಬಿಸಿಲು ಏರಿದ ಮೇಲೆ ನಾವು ಉಂಡ ಜಾಗದ ಹತ್ತಿರವೇ ಯಂತ್ರ ಸಣ್ಣಗೆ ಅತ್ತಿತು. ಕೈಹಾಕಿ ತೆಗೆದರೆ ನಮ್ಮ ಉಂಗುರ. ನಾನು ಕೈ ಚಾಚಿದೆ. ಅವರು ಮುಷ್ಟಿ ಮುಚ್ಚಿದರು.

"ಖೂನಾ ಹೇಳ್ರಿ, ಏನ ಗುರ್ತು? ಮುಂಜಾನೆ ಒಬ್ಬಾಕಿ ನಂದು ಅಂದ್ಲು, ಸರಪಳಿ ಕೊಟ್ಟೆ. ಆಮ್ಯಾಲ ಖರೇ ಮಾಲಕಳು ಬಂದು ನನ್ನ ಮೀಸಿ ಹಿಡಿಯೂದೊಂದ ಬಾಕಿ ಇತ್ತು. ಒಳಗ ಹೆಸರ ಐತಿ. ಯಾರ ಹೆಸರ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಹೊಳೆ ನೋಡಿದರು. "ನಮ್ಮ ಅಪ್ಪಣ್ಣನ ಹೆಸರರಿ," ಎಂದರು.

"ಅಪ್ಪಣ್ಣ ಅಂತ ಇಲ್ರಿ ಇದರಾಗ."

"ಇರೂದಿಲ್ರಿ. ಅದು ನಮ್ಮ ಮಾವನ ಹೆಸರು."

"ಮಾವನ ಹೆಸರೇನ್ರಿ?"

"ಮಾವನ ಹೆಸರ ಹ್ಯಾಂಗ ಹೇಳಲೋ ಯಪ್ಪಾ, ಬುದ್ಧಿ ಐತ್ಯೋ ಇಲ್ಲೋ ನಿನಗ?"

ನನಗೊಂದು ಜಾಣತನ ಹೊಳೆಯಿತು. ಕೂತು, ಟ್ರ್ಯಾಕ್ಟರು ಬಾಚಿದ ನುಣುಪಾದ ಉಸುಕಿನ ಮೇಲೆ ಬೆರಳಿನಿಂದ ಹೆಸರು ಬರೆದು ತೋರಿಸಿದೆ. ಹವಾಲ್ದಾರರು ಬಗ್ಗಿ ನೋಡಿ, "ನಂದು ಮರಾಠಿ ಸಾಲಿರಿ ಅಕ್ಕಾರ, ಕನ್ನಡ ಅಕ್ಷರ ಬರೂದಿಲ್ಲ," ಎಂದರು. ಮಲ್ಲಪ್ಪನನ್ನು ಕರೆದರು. ಅವನು ಬಂದು, ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ನೋಡಿ, "ಅಕ್ಷರ ದುಂಡಗ ಅದಾವ ನೋಡ್ರಿ. ನಂದು ಹೆಬ್ಬಟ್ಟು," ಎಂದ. ಅಲ್ಲಿ ಕನ್ನಡ ಓದಬಲ್ಲವನು ಟ್ರ್ಯಾಕ್ಟರಿನ ಮೇಲೆ ಕೂತವನೊಬ್ಬನೇ. ಅವನು ನಮ್ಮನ್ನು ಬದಿಗೆ ಸರಿಸಿ, ಹೆಸರಿನ ಮೇಲೆಯೇ ಹಾಯಿಸಿಕೊಂಡು ಹೋದ.

ಅತ್ತೆ ನನ್ನ ಮೊಣಕೈ ತಿವಿದರು. "ಒಡಪು ಹಾಕಿ ಹೇಳು. ಒಡಪಿನಾಗ ಹೇಳಿದ್ರ ದೋಷ ಇಲ್ಲ." ಒಡಪು ಎಂದರೆ ಗಂಡನ ಹೆಸರನ್ನು ಪ್ರಾಸದಲ್ಲಿ ಸುತ್ತಿ ಹೇಳುವುದು. ಮದುವೆ ಮುಂಜಿವೆಗಳಲ್ಲಿ ಎಲ್ಲ ಹೆಂಗಸರೂ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ನಾನು ಹಾಲು ಉಕ್ಕಿತು ಎಂದು ಅಡಿಗೆಮನೆಗೆ ಓಡುತ್ತಿದ್ದೆ. ಹೊಳೆಯ ದಂಡೆಯಲ್ಲಿ ಉಕ್ಕುವುದಕ್ಕೆ ಹಾಲೆಲ್ಲಿ ತರಲಿ? ಅಷ್ಟರಲ್ಲಿ ಹವಾಲ್ದಾರರ ಬಗಲಲ್ಲಿದ್ದ ಯಂತ್ರ ಗೊರಗೊರ ಎಂದು, ಗಂಡಸಿನ ದನಿಯಲ್ಲಿ ಸ್ಪಷ್ಟವಾಗಿ, "ಹೆಸರು..." ಎಂದಿತು. ಎಲ್ಲರೂ ನನ್ನ ಕಡೆ ತಿರುಗಿದರು. ಯಂತ್ರ ಮುಂದುವರಿದು "ಉದ್ದು, ತೊಗರಿ" ಎಂದದ್ದನ್ನು ಯಾರೂ ಕೇಳಲಿಲ್ಲ. ಅತ್ತೆ ಹೇಳಿದರು, "ಯಂತರಕ್ಕೂ ತಡಿಯೂದು ಆಗವಲ್ದು. ಇನ್ನರ ಹೇಳ ನಮ್ಮವ್ವಾ."

ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದೆ:

"ಹೊಳೀ ದಂಡಿ ಬಾಚಿ ಹೋತ ಹಲ್ಲಿನ ಟ್ರ್ಯಾಕ್ಟರ,
ಉಸುಕಿನಾಗಿನ ಉಂಗುರಕ ಅತ್ತಿತ ನಿಮ್ಮ ಯಂತರ,
........ ಅವರ ಹೆಸರ ಹೇಳೇನಿ, ಮುಷ್ಟಿ ಬಿಚ್ಚರಿ ಹವಾಲ್ದಾರ."

ಟ್ರ್ಯಾಕ್ಟರಿನವನು ಯಾವಾಗ ಗಾಡಿ ಬಂದ್ ಮಾಡಿದ್ದನೋ ತಿಳಿಯದು, ದಂಡೆಗೆಲ್ಲ ಕೇಳಿಸಿತು. ಹವಾಲ್ದಾರರು ಮುಷ್ಟಿ ಬಿಚ್ಚಿ, ಮಿಲಿಟರಿಯಲ್ಲಿ ಹೊಡೆದಂತೆ ನನಗೊಂದು ಸಲ್ಯೂಟು ಹೊಡೆದರು. ಮಾವನ ಹೆಸರು ಬಂದಾಗ ಕಿವಿ ಮುಚ್ಚಿಕೊಂಡಿದ್ದ ಅತ್ತೆ, ಬಸ್ಸಿನಲ್ಲಿ ಮೆಲ್ಲಗೆ ಕೇಳಿದರು, "ಆ ಒಡಪು ಇನ್ನೊಮ್ಮೆ ಹೇಳು. ಹೆಸರ ಬಿಟ್ಟು."

ನಿಮ್ಮ ಅಜ್ಜ ರಾಮದುರ್ಗದಿಂದ ಬಂದಾಗ ಅವರ ತಾಟಿನ ಪಕ್ಕದಲ್ಲಿ ಉಂಗುರ ಇಟ್ಟಿದ್ದೆ. ಉಂಡೆದ್ದು, ಚೌಕಟ್ಟಿಗೆ ಮೆಲ್ಲಗೆ ಒಮ್ಮೆ ಬಡಿದರು. ಹೋದೆ. "ಹೊಳೀ ದಂಡ್ಯಾಗ ಏನೋ ಹೇಳಿದ್ಯಂತಲ್ಲ. ನನ್ನ ಮುಂದ ಒಮ್ಮೆ ಹೇಳು," ಎಂದರು. ಹಾಲು ಉಕ್ಕಿತು ಎಂದು ಒಳಗೆ ಓಡಿದೆ. ಆಮೇಲೆ ಬದುಕಿರುವತನಕ ಆಗಾಗ ಕೇಳುತ್ತಲೇ ಇದ್ದರು. ನಮ್ಮ ಮನೆಯ ಹಾಲೂ ಆಗಾಗ ಉಕ್ಕುತ್ತಲೇ ಇತ್ತು.

ಹವಾಲ್ದಾರ, ಈಗ ಆ ಹೆಸರೂ ಉಂಗುರವೂ ನಿನ್ನವು. ನಿನಗೆ ಅಜ್ಜನ ಹೆಸರಿಟ್ಟ ದಿನ ನಾನು ನಿನ್ನನ್ನು ಏನೆಂದು ಕರೆಯಬೇಕೆಂದು ಯಾರೂ ಯೋಚಿಸಲಿಲ್ಲ. ಒಡಪಿನಲ್ಲಿ ಹೆಸರಿನ ಸಾಲಿನಲ್ಲೇ ಇದ್ದ ಮಾತನ್ನು ನಾನು ಎತ್ತಿಕೊಂಡೆ. ಮೇಲೆ ಚುಕ್ಕಿ ಇಟ್ಟ ಜಾಗವನ್ನು ನೀನೇ ತುಂಬಿಕೋ. ಉಸುಕಿನ ಮೇಲಾದರೆ ಟ್ರ್ಯಾಕ್ಟರು ಬಂದು ಅಳಿಸುತ್ತದೆ, ಕಾಗದದ ಮೇಲೆ ಬರೆಯಲು ನನಗೆ ಧೈರ್ಯವಿಲ್ಲ. ಇನ್ನೊಂದು ಮಾತು. ಓದುತ್ತ ಓಡಾಡುವಾಗ ಬಾಗಿಲ ಚೌಕಟ್ಟಿಗೆ ಉಂಗುರ ಬಡಿಯುವ ಚಟ ಬಿಡು. ನಿನ್ನೆ ನೀನು ಎರಡು ಸಲ ಬಡಿದೆ. ನೀನು ಚಹಾ ಕುಡಿಯುವವನಲ್ಲ ಎಂದು ನೆನಪಾಗುವಷ್ಟರಲ್ಲಿ ನಾನು ಸೋಸಿಯಾಗಿತ್ತು. ನಾನೇ ಕುಡಿದೆ. ಸಕ್ಕರೆ ಮಾತ್ರ ಅವರಿಗೆ ಹಾಕುವಷ್ಟೇ ಬಿದ್ದಿತ್ತು, ಡಾಕ್ಟರರಿಗೆ ಹೇಳಬೇಡ.