ಗಾದಿಗನೂರಿನ ಫ್ರೆಂಚ್ ದಾರಿ

ಪ್ರಭಂಜನ ಇಮೇಲಿನಲ್ಲಿ ಬರೆದದ್ದು ಒಂದೇ ಸಾಲು. "ಸೇಮ್ ಟು ಸೇಮ್ ಅವೈಲಬಲ್, ಮೇಡಂ." ಮುಂದಿನದ್ದಕ್ಕೆಲ್ಲ ಆ ಒಂದು ಸಾಲೇ ಕಾರಣ.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನದೊಂದು ಟ್ರಾವೆಲ್ಸ್ ಇತ್ತು. ಟ್ರಾವೆಲ್ಸ್ ಎಂದರೆ ಒಂದು ಮೇಜು, ಒಂದು ಕಂಪ್ಯೂಟರು ಮತ್ತು ಪ್ರಭಂಜನ. ಹಂಪಿಗೆ ಬರುವ ಪರದೇಶದವರಿಗೆ ರೂಮು, ಆಟೋ, ಗೈಡು ಗೊತ್ತುಮಾಡಿಕೊಡುವುದು ಕಸುಬು. ಹಂಪಿಯ ಗೈಡುಗಳಿಂದ ಕೇಳಿ ಕೇಳಿ ಸ್ವಲ್ಪ ಫ್ರೆಂಚನ್ನೂ ಕಲಿತಿದ್ದ. ಅವನ ಫ್ರೆಂಚು ಹೊಸಪೇಟೆಯವರಿಗೆ ಫ್ರೆಂಚಿನಂತೆಯೂ ಫ್ರೆಂಚರಿಗೆ ತೆಲುಗಿನಂತೆಯೂ ಕೇಳುತ್ತಿತ್ತು.

ಮೊದಲು ಇಮೇಲು ಬರೆದು ಕೇಳಿದವಳು ಒಡೀಲ್ ಎಂಬ ನಿವೃತ್ತ ಟೀಚರಮ್ಮ. ಗಂಡ ಜೆರಾರ್ ಜೊತೆ ಹಂಪಿ ನೋಡಲು ಬರುವವಳಿದ್ದಳು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹಳೇ ಕಾಲುವೆಗಳ ದಂಡೆಯ ಮೇಲೆ, ಹಳಿ ಕಿತ್ತ ರೈಲುದಾರಿಗಳ ಮೇಲೆ ಸೈಕಲ್ಲಿಗೆಂದೇ ದಾರಿಗಳಿವೆಯಂತೆ. ಅಲ್ಲಿ ಒಂದೂ ಮೋಟಾರು ಗಾಡಿ ಬರುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿದರೂ ಎದುರಾಗುವುದು ಹಸು, ಬಾತುಕೋಳಿ, ದ್ರಾಕ್ಷಿ ತೋಟ. "ಅಂಥ ದಾರಿ ನಿಮ್ಮಲ್ಲೂ ಇದೆಯೇ? ಒಂದು ದಿನವಾದರೂ ತುಳಿಯಬೇಕು. ನಾನು ನಮ್ಮೂರಿನ ಸೈಕಲ್ ಕ್ಲಬ್ಬಿನ ಅಧ್ಯಕ್ಷೆ. ಹಿಡಿಸಿದರೆ ಕ್ಲಬ್ಬಿನವರನ್ನೆಲ್ಲ ನಿಮ್ಮಲ್ಲಿಗೇ ಕಳಿಸುತ್ತೇನೆ."

ಕೊನೆಯ ವಾಕ್ಯ ಓದಿ ಪ್ರಭಂಜನನ ಬೆರಳು ತಾನಾಗಿಯೇ ಉತ್ತರ ಟೈಪು ಮಾಡಿತು. ಕಳಿಸಿಯಾದ ಮೇಲೆ ತಲೆಯೆತ್ತಿ ಹೊರಗೆ ನೋಡಿದ. ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ನಿಂತಿದ್ದವು.

ಅದು ಚೀನಾದಲ್ಲಿ ಒಲಿಂಪಿಕ್ಸ್ ಆಗಬೇಕೆಂದು ಸಂಡೂರಿನ ಗುಡ್ಡಗಳು ಲಾರಿ ಹತ್ತುತ್ತಿದ್ದ ಕಾಲ. ಯಶವಂತನಗರದಿಂದ ಹೊಸಪೇಟೆಯವರೆಗೆ ಗಿಡ, ಮನೆ, ಎಮ್ಮೆ, ಮನುಷ್ಯ ಎಲ್ಲದಕ್ಕೂ ಅದಿರಿನ ಧೂಳಿನ ಒಂದೇ ಬಣ್ಣ ಬಂದಿತ್ತು. ಎದುರುಮನೆ ದುರ್ಗಕ್ಕನ ಬಿಳಿ ಬೆಕ್ಕು ಇಟ್ಟಿಗೆಯಂತಾಗಿತ್ತು. ಪ್ರಭಂಜನನ ಹೆಂಡತಿ ಶ್ರೀಲಕ್ಷ್ಮೀ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿದ್ದರಿಂದ, ಅವನು ಸನ್ಯಾಸ ತೆಗೆದುಕೊಂಡನೆಂದು ಎರಡು ಸಲ ಸುದ್ದಿಯೂ ಹಬ್ಬಿತ್ತು.

"ಟ್ರಾಫಿಕ್ ಇಲ್ಲದ ದಾರಿ ಅಂದ್ರ, ನಮ್ಮ ಅಡಿಗಿಮನಿಯಿಂದ ದೇವರಮನಿಗೆ ಹೋಗೋದೊಂದ ಉಳದದ ನೋಡ್ರಿ," ಎಂದಳು ಶ್ರೀಲಕ್ಷ್ಮೀ. "ಅಲ್ಲೇ ಸೈಕಲ್ ಹೊಡಸ್ರಿ."

ಯೋಚಿಸಿ ಯೋಚಿಸಿ ಕೊನೆಗೆ ಅವನಿಗೆ ಗಾದಿಗನೂರಿನ ಕಡೆ ಹೋಗುವ ಕಾಲುವೆಯ ದಂಡೆ ನೆನಪಾಯಿತು. ಹೆದ್ದಾರಿಯ ಗದ್ದಲದಿಂದ ದೂರ, ಒಂದು ಕಡೆ ನೀರು, ಇನ್ನೊಂದು ಕಡೆ ಹೊಲಗದ್ದೆ. ದಂಡೆಯ ಬಾಯಿಗೆ ಕಬ್ಬಿಣದ ಗೇಟು. ಕಾಯುವವನು ನಾಗೇಂದ್ರಪ್ಪ. ಲಾರಿಯವರು ಕೈಮುಗಿದರೂ ಗದರಿಸಿದರೂ ಗೇಟು ತೆಗೆಯದ ಮನುಷ್ಯ. ಪ್ರಭಂಜನ ಅವನ ಮುಂದೆ ಕುಳಿತು ಫ್ರಾನ್ಸಿನ ಹಸು, ಬಾತುಕೋಳಿಗಳನ್ನೆಲ್ಲ ಬಣ್ಣಿಸಿದ. ನಾಗೇಂದ್ರಪ್ಪ ಕರಗಿಹೋದ.

"ಸೈಕಲ್ಲಂದ್ರ ಯಾಕ ಬ್ಯಾಡ ಅನ್ಲಿ ಬುದ್ದಿ? ಅಷ್ಟು ದೂರದಿಂದ ಬಂದಾರ. ಗೇಟು ತೆಗಿಯೂನಂತ."

ಅಲ್ಲಿಗೆ ಎಲ್ಲ ಸುಸೂತ್ರವಾಗಿರುತ್ತಿತ್ತು. ಆದರೆ ಕಿಟಕಿಯಲ್ಲಿ ಕುಳಿತ ದುರ್ಗಕ್ಕ ಗಂಡಹೆಂಡಿರ ಮಾತು ಕೇಳಿಸಿಕೊಂಡಳು. ಮಧ್ಯಾಹ್ನದೊಳಗೆ ಅದು ದೊಡ್ಡಬಸಪ್ಪನಿಗೆ ಮುಟ್ಟಿತು. ಈ ದೊಡ್ಡಬಸಪ್ಪ ಅದೇ ಓಣಿಯ ಅಕ್ಕಿ ಗಿರಣಿ ಮಾಲೀಕ. ಗಿರಣಿಗೆ ಬೀಗ ಹಾಕಿ ಲಾರಿ ಕೊಂಡು ನೋಡನೋಡುತ್ತ ಉಬ್ಬಿದ್ದ. ಬಿಳಿ ಸ್ಕಾರ್ಪಿಯೋದಿಂದ ಇಳಿದವನೇ ಪ್ರಭಂಜನನ ಎರಡೂ ಕೈ ಹಿಡಿದುಕೊಂಡ.

"ಏನ್ರೀ ಆಚಾರ್ರೇ, ಫಾರಿನ್ ಮಂದಿ ಬರೂ ಸುದ್ದಿ ನನಗ ಹೇಳಾಕ ಬ್ಯಾಡೇನು? ಆ ದಂಡಿ ತುಂಬ ಜಾಲಿ ಮುಳ್ಳೈತಿ. ಅವ್ರ ಟೈರು ಪಂಚರ್ ಆದ್ರ ಊರ ಮರ್ಯಾದಿ ಏನಾತು? ನಾಳೆ ನನ್ನ ಜೆಸಿಬಿ ಕಳಿಸ್ತೀನಿ. ನೀವು ನಾಗೇಂದ್ರಪ್ಪಗ ಒಂದು ಮಾತು ಹೇಳ್ರಿ, ಸಾಕು. ನನ್ನ ಕಂಡ್ರ ಅವಗ ಆಗಂಗಿಲ್ಲ."

ಪ್ರಭಂಜನನ ಕಣ್ಣು ತುಂಬಿತು. ಇಷ್ಟು ದುಡ್ಡಾದರೂ ಊರಿನ ಅಭಿಮಾನ ಬಿಡದ ಮನುಷ್ಯ! ಅವನೇ ಹೋಗಿ ನಾಗೇಂದ್ರಪ್ಪನನ್ನು ಒಪ್ಪಿಸಿ ಬಂದ.

ಆ ದಿನ ಬಂತು. ಒಡೀಲ್ ಮತ್ತು ಜೆರಾರ್ ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟು, ಊರಿಂದ ವಿಮಾನದಲ್ಲೇ ತಂದ ಸೈಕಲ್ಲುಗಳೊಂದಿಗೆ ಬೆಳಿಗ್ಗೆಯೇ ಹಾಜರಾದರು. ಒಡೀಲ್ ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಜೆರಾರ್‌ಗೆ ಇಂಗ್ಲಿಷು ಬಾರದು. ಫ್ರೆಂಚನ್ನೂ ಅವನು ಬಳಸುವಂತೆ ಕಾಣಲಿಲ್ಲ. ಪ್ರಭಂಜನನದು ಹಾಲು ಮಾರುವ ಎರ್ರಿಯಪ್ಪನಿಂದ ಕಡ ತಂದ ಸೈಕಲ್ಲು. ಅದಕ್ಕೆ ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆಗಳಿದ್ದವು, ಬ್ರೇಕು ಇರಲಿಲ್ಲ.

"ಏನಪ್ಪಾ ಪ್ರಭಂಜನ, ಹುಷಾರು. ನಿನ್ನ ಮದ್ವಿ ಆದಾಗಿಂದ ನೀನು ಸೈಕಲ್ ಹತ್ತಿಲ್ಲ," ಎಂದು ದುರ್ಗಕ್ಕ ಓಣಿಗೆಲ್ಲ ಕೇಳುವಂತೆ ಹರಸಿದಳು.

ಹೆದ್ದಾರಿ ದಾಟಬೇಕಿತ್ತು. ಲಾರಿಗಳ ಸಾಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ.

"ಏನಾದರೂ ಅಪಘಾತವೇ?" ಎಂದಳು ಒಡೀಲ್ ಆತಂಕದಿಂದ.

"ಇಲ್ಲ ಮೇಡಂ. ಇವತ್ತು ಮಾಮೂಲಿ ಮಂಗಳವಾರ," ಎಂದ ಪ್ರಭಂಜನ.

ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಲಾರಿಗಳ ಸಂದಿಯಲ್ಲಿ ನುಸುಳಿ ಆಚೆ ಹೋಗುವಷ್ಟರಲ್ಲಿ ಫ್ರೆಂಚ್ ದಂಪತಿಗಳು ದುರ್ಗಕ್ಕನ ಬೆಕ್ಕಿನ ಬಣ್ಣಕ್ಕೆ ತಿರುಗಿದ್ದರು.

ಕಾಲುವೆ ತಲುಪಿದಾಗ ಪ್ರಭಂಜನ ತಬ್ಬಿಬ್ಬಾದ. ಮುಳ್ಳು ಮಾತ್ರವಲ್ಲ, ಗೇಟೂ ಇರಲಿಲ್ಲ. ಗೇಟು ಹುಗಿದಿದ್ದ ಕಲ್ಲೂ ಇರಲಿಲ್ಲ. ಎತ್ತಿನಗಾಡಿಗೆ ಕಷ್ಟವಾಗಿದ್ದ ದಂಡೆ ಊರಬಾಗಿಲಿನಷ್ಟು ಅಗಲವಾಗಿ, ಮೊರಂ ಹಾಕಿ ರೋಲರ್ ಹೊಡೆದು ಮಿರಮಿರ ಮಿಂಚುತ್ತಿತ್ತು. ಬೇವಿನ ಗಿಡದ ಕೆಳಗೆ ನಾಗೇಂದ್ರಪ್ಪ ಹೆಗಲ ಮೇಲೊಂದು ಶಾಲು ಹೊದ್ದುಕೊಂಡು, ತನಗೇಕೆ ಸನ್ಮಾನವಾಯಿತೆಂದು ತಿಳಿಯದೆ ಕುಳಿತಿದ್ದ. ಪಕ್ಕದಲ್ಲೇ ದೊಡ್ಡಬಸಪ್ಪ ಹಾರ ಹಿಡಿದು ನಿಂತಿದ್ದ.

"ಬಸಪ್ಪನವರ, ಗೇಟ್ ಎಲ್ಲಿ?"

"ಹ್ಯಾಂಡ್ಲು ತಾಗ್ತೈತಿ ಅಂತ ಕಿತ್ತಿಸಿದೆ ನೋಡ್ರಿ."

"ದಾರಿ ಇಷ್ಟು ಅಗಲ ಯಾಕ್ರಿ?"

"ಫ್ರಾನ್ಸಿನ ಸೈಕಲ್ಲು ಎಷ್ಟು ಅಗಲ ಇರ್ತಾವೋ ನನಗೇನು ಗೊತ್ತು? ಒಂದೀಟು ಜಾಸ್ತೀನ ಇರ್ಲಿ ಅಂದೆ."

ಅವನ ಬೆನ್ನ ಹಿಂದೆ ಸ್ಕಾರ್ಪಿಯೋಗಳ ಹಿಂಡು ಇಂಜಿನು ಚಾಲೂ ಇಟ್ಟು ನಿಂತಿತ್ತು. ಒಡೀಲ್ ಅತ್ತ ಬೆರಳು ತೋರಿಸಿದಳು. "ಇವರೆಲ್ಲ ಯಾರು?"

ಪ್ರಭಂಜನ ದೊಡ್ಡಬಸಪ್ಪನನ್ನು ಕೇಳಿ ಅನುವಾದಿಸಿದ. "ಟ್ರಾಫಿಕ್ ಬರದಂತೆ ನೋಡಿಕೊಳ್ಳಲು ನಮ್ಮ ಜೊತೆ ಬರುವವರು, ಮೇಡಂ."

ಗುಂಪಿನಲ್ಲಿ ಹೋಗಲಾರೆನೆಂದು ಒಡೀಲ್ ಖಡಾಖಂಡಿತವಾಗಿ ಹೇಳಿದಳು. ದೊಡ್ಡಬಸಪ್ಪ ಬೇಸರ ಮಾಡಿಕೊಳ್ಳಲಿಲ್ಲ. "ಆತು ಬಿಡ್ರಿ, ಅವ್ರು ಮುಂದ ಹೋಗ್ಲಿ. ನಾವು ಆಮ್ಯಾಗ ಬರ್ತೀವಿ," ಎಂದ. ಒಡೀಲ್ ಕೈಯಿಂದ ಟೇಪಿಗೆ ಕತ್ತರಿ ಹಾಕಿಸಿ, ಫೋಟೋ ತೆಗೆಸಿ, ಮೂವರಿಗೂ ಹಾರ ಹಾಕಿ ಬೀಳ್ಕೊಟ್ಟ.

ಆಮೇಲಿನ ಒಂದಷ್ಟು ಹೊತ್ತನ್ನು ಪ್ರಭಂಜನ ಜೀವಮಾನದಲ್ಲಿ ಮರೆಯಲಿಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿ ಬೆಳ್ಳಕ್ಕಿಗಳು. ಸೈಕಲ್ ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತನ್ನ ಊರಿನಲ್ಲಿ ಗಾಳಿಗೆ ಇನ್ನೂ ಹಸಿರು ವಾಸನೆ ಇದೆಯೆಂಬುದು ಅವನಿಗೇ ಹೊಸ ಸಂಗತಿಯಾಗಿತ್ತು. ಆ ಸಂತೋಷದಲ್ಲೇ ಎದುರು ಬಂದ ಎಮ್ಮೆಗಳಿಗೆ ದಾರಿ ಬಿಡಲು ಹೋಗಿ, ಬ್ರೇಕಿಲ್ಲದ್ದು ನೆನಪಾಗುವಷ್ಟರಲ್ಲಿ, ಸೈಕಲ್ ಸಮೇತ ಗದ್ದೆಗಿಳಿದ. ಜೆರಾರ್ ಮಾತಿಲ್ಲದೆ ಇಳಿದು ಅವನನ್ನು ಭತ್ತದ ಸಸಿಯಂತೆ ಕಿತ್ತು ದಂಡೆಯ ಮೇಲೆ ನೆಟ್ಟ.

"ಥೇಟ್ ನಮ್ಮೂರೇ!" ಎಂದಳು ಒಡೀಲ್. "ನೀವು ಬರೆದದ್ದು ಸುಳ್ಳೆಂದುಕೊಂಡಿದ್ದೆ. ಮುಂದಿನ ಚಳಿಗಾಲಕ್ಕೆ ಇಡೀ ಕ್ಲಬ್ಬನ್ನೇ ಕರೆತರುತ್ತೇನೆ."

ಕೆಸರು ಮೆತ್ತಿದ ಪ್ರಭಂಜನನ ಮುಖ ಅರಳಿತು. ಮೇಜಿನ ಟ್ರಾವೆಲ್ಸ್ ಹೋಗಿ ಬೋರ್ಡು ಹಾಕಿದ ಆಫೀಸಾಗುವುದು, ಶ್ರೀಲಕ್ಷ್ಮೀ ತನ್ನ ಮಾತು ನುಂಗಿಕೊಳ್ಳುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಹಿಂದಿನಿಂದ ಪೋಂ ಎಂದಿತು.

ತಿರುಗಿ ನೋಡಿದರೆ ಅದಿರು ತುಂಬಿದ ಲಾರಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಬರೀ ಧೂಳು, ಧೂಳಿನೊಳಗೆ ಹಾರ್ನುಗಳು.

ಮುಂದಿನ ಲಾರಿಯ ಡ್ರೈವರ್ ಮೈಲಾರಲಿಂಗಪ್ಪ ಕಿಟಕಿಯಿಂದ ತಲೆ ಹಾಕಿದ. "ಯಾರ್ರೀ ಅದು ಸೈಕಲ್ ಅಡ್ಡ ಹಾಕಿದ್ದು? ಸೈಡಿಗೆ ತಗೋರಿ. ಹಿಂದ ಜಾಮ್ ಆಗಾಕತ್ತೈತಿ!"

"ಇಲ್ಲಿ ಲಾರಿ ಬರೂ ಹಂಗಿಲ್ಲ!" ಪ್ರಭಂಜನ ಕೈ ಅಡ್ಡ ಹಿಡಿದು ಕೂಗಿದ. "ಇದು ಟ್ರಾಫಿಕ್ ಇಲ್ಲದ ದಾರಿ!"

"ಹೌದ್ರಿ, ಅದಕ್ಕ ನಮ್ಮ ಮಾಲಕ್ರು ಈ ಕಡಿ ಹೋಗು ಅಂದ್ರು."

"ಯಾರು ನಿಮ್ಮ ಮಾಲಕ್ರು?"

"ದೊಡ್ಡಬಸಪ್ಪನೋರು. ಎಷ್ಟು ವರ್ಷಾತ್ರಿ ಆ ಗೇಟಿಗೆ ಗುದ್ದಾಡಿ! ಯಾರೋ ಆಚಾರ್ರು ತೆಗಿಸಿಕೊಟ್ರಂತ. ಪುಣ್ಯಾತ್ಮರು."

ಪುಣ್ಯಾತ್ಮ ದಂಡೆಯ ಮೇಲೆಯೇ ಕುಸಿದು ಕುಳಿತ. ಹೊತ್ತು ಏರುವಷ್ಟರಲ್ಲಿ ಗಾದಿಗನೂರಿನ ಕಡೆಯಿಂದ ಖಾಲಿ ಲಾರಿಗಳೂ ಅದೇ ದಾರಿ ಹಿಡಿದು ವಾಪಸು ಬಂದವು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರು. ತುಂಬಿದವು ಹಿಂದೆ ಸರಿಯಲಿಲ್ಲ, ಖಾಲಿಯವು ಮುಂದೆ ಸರಿಯಲಿಲ್ಲ. ಮಧ್ಯದಲ್ಲಿ ಮೂರು ಸೈಕಲ್ಲು.

ಪ್ರಭಂಜನ ತನಗೆ ಬರುವ ಎಲ್ಲ ಭಾಷೆಗಳಲ್ಲೂ ಕ್ಷಮೆ ಕೇಳಿದ. ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಡೀಲ್ ಲಾರಿಗಳ ಹಣೆಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿಗಳ ಫೋಟೋ ತೆಗೆಯುತ್ತಿದ್ದಳು. ಜೆರಾರ್ ಮೈಲಾರಲಿಂಗಪ್ಪನ ಪಕ್ಕ ಹತ್ತಿ ಕುಳಿತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಇನ್ನೊಂದು ಮಿರ್ಚಿಗೆ ಕೈ ಚಾಚುತ್ತಿದ್ದ.

ಸಂಜೆಯ ಹೊತ್ತಿಗೆ ಹೇಗೋ ಸಾಲು ಸಡಿಲಾಯಿತು. ಖಾಲಿ ಲಾರಿಯೊಂದರಲ್ಲಿ ಸೈಕಲ್ಲುಗಳನ್ನು ಹಾಕಿ, ಮುಂದೆ ದಂಪತಿಗಳನ್ನು ಕೂರಿಸಿ, ಹಿಂದೆ ಪ್ರಭಂಜನನನ್ನು ನಿಲ್ಲಿಸಿ ಓಣಿಗೆ ತಂದು ಬಿಟ್ಟರು. ಅಂಗಡಿ ಮುಚ್ಚಿ ಮಾವನ ಊರು ಕಂಪ್ಲಿಗೆ ಹೋಗಿಬಿಡುವುದೆಂದು ಅವನು ದಾರಿಯಲ್ಲೇ ನಿಶ್ಚಯಿಸಿದ್ದ. ಮನೆಯ ಮುಂದೆ ಶ್ರೀಲಕ್ಷ್ಮೀ, ದುರ್ಗಕ್ಕ, ದೊಡ್ಡಬಸಪ್ಪ ಎಲ್ಲರೂ ನಿಂತಿದ್ದರು.

"ಮೇಡಂ, ನಿಮ್ಮ ಕ್ಲಬ್ಬಿನವರು ಬರುವುದು ಬೇಡ..." ಎಂದು ಪ್ರಭಂಜನ ತಲೆ ತಗ್ಗಿಸಿದ.

"ಯಾಕೆ ಬೇಡ? ಎಲ್ಲರೂ ಬರುತ್ತಾರೆ!" ಎಂದಳು ಒಡೀಲ್. ಪ್ರಭಂಜನ ತಲೆಯೆತ್ತಿದ. "ಆದರೆ ಸೈಕಲ್ಲು ಬೇಡ. ಹಸು, ಬಾತುಕೋಳಿ, ಖಾಲಿ ದಾರಿ ನೋಡಿ ನೋಡಿ ನಮಗೂ ಸಾಕಾಗಿದೆ, ಊರಲ್ಲಿ ಬೇಕಾದಷ್ಟಿದೆ. ಇದು ಎಲ್ಲಿ ಸಿಗುತ್ತದೆ? ನಾವೆಲ್ಲ ಲಾರಿಯಲ್ಲಿ ಕುಳಿತು ಸುತ್ತಬೇಕು. ಜೆರಾರ್ ಮೂವತ್ತು ವರ್ಷಗಳಲ್ಲಿ ಇಷ್ಟು ಖುಷಿಯಾದದ್ದನ್ನು ನಾನು ಕಂಡಿಲ್ಲ."

"ಪೋಂ," ಎಂದ ಜೆರಾರ್. ಇಡೀ ದಿನದಲ್ಲಿ ಅವನಾಡಿದ ಮೊದಲ ಮಾತು.

"ಹೇಳಿ, ಈ ಲಾರಿಗಳ ಓನರ್ ಯಾರು?"

ಪ್ರಭಂಜನ ಬಾಯಿ ತೆರೆಯುವುದರೊಳಗೆ ದುರ್ಗಕ್ಕ ದೊಡ್ಡಬಸಪ್ಪನ ರಟ್ಟೆ ಹಿಡಿದು ಮುಂದೆ ತಂದು ನಿಲ್ಲಿಸಿದಳು. ಲಾರಿ, ಓನರ್ ಎಂಬ ಎರಡು ಇಂಗ್ಲಿಷ್ ಪದ ತಿಳಿಯದವರು ಆಗ ಹೊಸಪೇಟೆಯಲ್ಲಿ ಯಾರೂ ಇರಲಿಲ್ಲ. ಅವರವರಲ್ಲೇ ಕೈ ಕುಲುಕಾಟ ನಡೆಯಿತು. ಕೈಸನ್ನೆಯಲ್ಲೇ ಮಾತು ಕುದುರಿತು.

"ಆಚಾರ್ರೇ, ಮಾರಿ ಯಾಕ ಸಣ್ಣ ಮಾಡ್ತೀರಿ? ನಿಮ್ಮನ್ನ ಬಿಟ್ಟು ಹೋಗ್ತೀನೇನು?" ದೊಡ್ಡಬಸಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. "ಮೊದಲನೇ ಲಾರಿಗೆ ಫ್ರೆಂಚ್ ಬರೂ ಕ್ಲೀನರ್ ಒಬ್ಬರು ಬೇಕಲ್ಲ. ಆ ಸೀಟು ನಿಮ್ದ."

ಪ್ರಭಂಜನ ಹೆಂಡತಿಯ ಮುಖ ನೋಡಿದ. ಶ್ರೀಲಕ್ಷ್ಮೀ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ನಿಟ್ಟುಸಿರುಬಿಟ್ಟಳು.

"ಹೂಂ ಅಂದುಬಿಡ್ರಿ. ಅರಿವಿ ಕೆಂಪಾಗ್ತಾವ ಅನ್ನೋ ಚಿಂತಿನರ ಇರಂಗಿಲ್ಲ, ಖಾಕಿ ಕೊಡ್ತಾರ."