ಹದಿನಾಲ್ಕನೇ ಬಾಬ್ತು

ಕಾನೂನಿನ ಪ್ರಕಾರ ನಾನು ಮೂಲೆಮನೆಯ ಒಂದು ಭಾಗ. ಬಚ್ಚಲಿನ ಗೀಸರು, ಅದರ ಕೆಳಗೆ ನಾನು. ಕ್ರಯಪತ್ರದಲ್ಲಿ ಹೀಗೇ ಬರೆದಿದೆ, ಮೊಹರೂ ಬಿದ್ದಿದೆ. ಸ್ಕೂಲಿನ ಮೆಟ್ಟಿಲು ಹತ್ತದವನು ಸರ್ಕಾರಿ ಕಾಗದದಲ್ಲಿ ಗೀಸರಿಗೆ ಸಮಸಮವಾಗಿ ಕೂತಿದ್ದಾನೆ ಅಂದರೆ ಸಾಮಾನ್ಯವೇ? ಅದಕ್ಕಾದರೋ ಐದೇ ವರ್ಷದ ಗ್ಯಾರಂಟಿ. ನನಗೆ ಆಯುಸ್ಸು ಇರುವವರೆಗೂ.

ನನ್ನ ಅಳಿಯ ಮನೆ ಮಾರಿಸುವ ಕಂಪನಿಯಲ್ಲಿ ಏಜೆಂಟು. ಭಾನುವಾರ ಹತ್ತರಿಂದ ಒಂದರವರೆಗೆ ಖಾಲಿ ಮನೆಯ ಬಾಗಿಲು ತೆರೆದಿಟ್ಟು, ಹೋಗಿಬರುವವರಿಗೆಲ್ಲ ಬಚ್ಚಲು ತೋರಿಸುವುದು ಅವನ ಉದ್ಯೋಗ. ಅದಕ್ಕೆ ಓಪನ್ ಹೌಸ್ ಅಂತ ಹೆಸರು. ಮೂಲೆಮನೆಯನ್ನು ಎರಡು ವರ್ಷ ತೋರಿಸಿ ತೋರಿಸಿ ಬಚ್ಚಲಿಗೇ ನಾಚಿಕೆ ಬಂದಿತ್ತು. ಕೊಳ್ಳುವವರು ಮಾತ್ರ ಬರಲಿಲ್ಲ. ಕೊನೆಗೆ ಮ್ಯಾನೇಜರಮ್ಮ ಸುತ್ತೋಲೆ ಹೊರಡಿಸಿದರು:

"ಸದರಿ ಮನೆಯನ್ನು ಮೂರು ಭಾನುವಾರಗಳೊಳಗೆ, ನೋಡಿದವರು ಮರೆಯಲಾಗದ ರೀತಿಯಲ್ಲಿ ಪ್ರದರ್ಶಿಸಿ ಮಾರಾಟ ಮಾಡತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟ ಏಜೆಂಟರನ್ನು ಸ್ಮಶಾನ ನಿವೇಶನ ವಿಭಾಗಕ್ಕೆ ವರ್ಗಾಯಿಸಲಾಗುವುದು. ಅಲ್ಲಿಯೂ ಓಪನ್ ಹೌಸ್ ಕಡ್ಡಾಯ."

"ಅಪ್ಪಾ, ಇವರು ಸತ್ತ ಜಿರಲೆ ಕಂಡ್ರೇ ಮಂಚ ಹತ್ತೋರು," ಎಂದು ಮಗಳು ನನ್ನೆದುರು ಗೊಳೋ ಅಂದಳು.

ಮೊದಲ ಭಾನುವಾರ ಅಳಿಯ, ಬಚ್ಚಲಲ್ಲಿ ಹಾಡಿದರೆ ಎಷ್ಟು ಚೆನ್ನಾಗಿ ಕೇಳುತ್ತೆ ಅಂತ ತೋರಿಸಲು ಏಳು ಜನರ ಬ್ಯಾಂಡನ್ನು ಅಲ್ಲೇ ನಿಲ್ಲಿಸಿದ. ಬಂದವರೆಲ್ಲ ಬಹಳ ಮೆಚ್ಚಿಕೊಂಡು, ನಾಲ್ಕು ಮದುವೆಗೆ ಬ್ಯಾಂಡನ್ನು ಗೊತ್ತುಮಾಡಿಕೊಂಡು ಹೋದರು. ಒಳಗೆ ಹೋಗಿದ್ದ ದೊಡ್ಡ ಡೋಲು ಮಾತ್ರ ಬಾಗಿಲಲ್ಲಿ ಹೊರಗೆ ಬರಲಿಲ್ಲ. ಅದನ್ನು ಮನೆಯ ಸೌಕರ್ಯಗಳಿಗೆ ಸೇರಿಸಲಾಯಿತು.

ಎರಡನೇ ಭಾನುವಾರ, ಬ್ರೆಡ್ಡು ಸುಡುವ ವಾಸನೆಗೆ ಗಿರಾಕಿಗಳ ಮನಸ್ಸು ಕರಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಒಲೆ ಹಚ್ಚಿದ. ಅಗ್ನಿಶಾಮಕದವರು ಬಂದರು. ಅವರ ಸಾಹೇಬರು ಬೆಂಕಿ ಆರಿಸಿ, ಎಲ್ಲ ಕೋಣೆ ನೋಡಿ, "ಮನೆ ಚೆನ್ನಾಗಿದೆ. ನಮಗೆ ಕ್ವಾರ್ಟರ್ಸ್ ಇದೆ," ಎಂದು ಅಭಿಪ್ರಾಯ ಪುಸ್ತಕದಲ್ಲಿ ಬರೆದು ಹೋದರು.

ಉಳಿದದ್ದು ಒಂದೇ ಭಾನುವಾರ. ಆಗ ಅಳಿಯನಿಗೆ ನನ್ನ ನೆನಪಾಯಿತು.

"ಮಾವ, ಖಾಲಿ ಮನೆ ಬಿಕೋ ಅನ್ನುತ್ತೆ. ಕಿಟಕಿ ಪಕ್ಕ ಕುರ್ಚಿ ಹಾಕ್ತೀನಿ, ನೆಮ್ಮದಿಯಾಗಿರೋರ ಥರ ಕೂತಿರಿ. ಬಾಯಿ ಮಾತ್ರ ತೆಗೀಬೇಡಿ."

"ನಾನು ಬಾಯಿ ತೆಗೆದ್ರೆ ಏನಾಗುತ್ತೆ ಗೊತ್ತೇನಯ್ಯಾ? ಒಂದ್ಸಲ ಬಸ್ ಸ್ಟ್ಯಾಂಡಲ್ಲಿ ಕಥೆ ಶುರುಮಾಡಿದ್ದಕ್ಕೆ, ಮುಗಿಯೋವರೆಗೂ ಮೂರು ಬಸ್ಸು ಹೊರಡ್ಲಿಲ್ಲ."

"ಅದೇ ಬೇಡ ಅಂದಿದ್ದು."

ಶನಿವಾರ ಮಧ್ಯಾಹ್ನವೇ ಅಭ್ಯಾಸಕ್ಕೆಂದು ಹೋಗಿ ಕೂತೆ. ಹಾಗೇ ಜೊಂಪು ಹತ್ತಿತು. ಆ ಕಂಪನಿಯಲ್ಲಿ ಒಂದು ಪದ್ಧತಿ: ಮನೆಯ ಜೊತೆಗೆ ಕೊಡುವ ಪ್ರತಿ ಸಾಮಾನಿಗೂ ಗುಮಾಸ್ತ ಒಂದು ನಂಬರಿನ ಚೀಟಿ ಅಂಟಿಸಿ, ಪಟ್ಟಿ ಬರೆದು, ಮೊಹರು ಹಾಕುತ್ತಾನೆ. ಅಲುಗಾಡದ್ದಕ್ಕೆಲ್ಲ ಚೀಟಿ; ಅದು ನಿಯಮ. ಡೋಲಿಗೆ ಹನ್ನೆರಡು, ಗೀಸರಿಗೆ ಹದಿಮೂರು. ಎದ್ದು ನೋಡುತ್ತೇನೆ, ನನ್ನ ಎದೆಯ ಮೇಲೆ ಹದಿನಾಲ್ಕು! ನಿದ್ದೆ ಅಂದರೆ ನನ್ನದು. ಬಂಡೆ ಬಂದು ಪಾಠ ಹೇಳಿಸಿಕೊಳ್ಳಬೇಕು.

ಭಾನುವಾರ ಬಂದವರು ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ.

"ಇಲ್ಲಿ ಗಾಳಿ ಬರುತ್ತಾ ತಾತ?" ಎಂದು ಆಯಮ್ಮ ಕೇಳಿದರು. ಅಳಿಯ ದೂರದಿಂದ ಕೈಮುಗಿದ. ಆದರೆ ಕೇಳಿದ್ದಕ್ಕೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ.

"ಗಾಳಿನಾ? ಈ ಕಿಟಕೀಲಿ ಒದ್ದೆ ಅಂಗಿ ಹಿಡಿದ್ರೆ ಒಣಗೋದಲ್ಲಮ್ಮ, ಇಸ್ತ್ರಿ ಆಗಿ, ಮಡಚ್ಕೊಂಡು ಕೈಗೆ ಬರುತ್ತೆ. ಇನ್ನು ಸೂರಿನ ಎತ್ತರ! ಮೇಲಿಂದ ಹೊರಟ ಹಲ್ಲಿ ದಾರೀಲೇ ಮೊಟ್ಟೆ ಇಟ್ಟು, ಮೊಮ್ಮಕ್ಕಳನ್ನ ಕಟ್ಕೊಂಡು ನೆಲಕ್ಕೆ ಇಳಿಯುತ್ತೆ."

ಡಾಕ್ಟರು ನನ್ನ ಬಾಯಲ್ಲಿ ಇಣುಕಿದರು. "ಹಲ್ಲು ಎಷ್ಟಿದೆ?"

"ಪೂರ್ತಿ ಮೂವತ್ತೆರಡು. ಬಾಯಲ್ಲಿ ಹನ್ನೊಂದು, ಡಬ್ಬೀಲಿ ಇಪ್ಪತ್ತೊಂದು."

ಡಾಕ್ಟರು ಪಟ್ಟಿ ನೋಡಿದರು, ಚೀಟಿ ನೋಡಿದರು. "ಮನೆ ತಗೋತೀವಿ."

"ಸಾರ್, ಅದು ಪಟ್ಟೀಲಿ ತಪ್ಪಾಗಿ ಸೇರಿದೆ. ನಮ್ಮ ಮಾವ ಅದು," ಎಂದ ಅಳಿಯ.

"ಹದಿನಾಲ್ಕು ಇಲ್ಲ ಅಂದ್ರೆ ಮನೆಯೂ ಬೇಡ. ಇಡೀ ದಿನ ನನ್ನೆದುರು ಬಾಯಿ ತೆರೆಯೋರು ಯಾರೂ ಮಾತಾಡಲ್ಲ ಕಣ್ರೀ. ಮನೇಲಾದ್ರೂ ಒಬ್ರು ಬೇಡ್ವಾ?"

ಮ್ಯಾನೇಜರಮ್ಮ ನಿಯಮ ತೆಗೆದು ಓದಿದರು: "ಮೊಹರಾದ ಪಟ್ಟಿಯಿಂದ ಯಾವುದೇ ಬಾಬ್ತನ್ನು ಹಿಂಪಡೆಯಲು ಅದರ ಮಾಲೀಕರೇ ಅರ್ಜಿ ಸಲ್ಲಿಸತಕ್ಕದ್ದು. ಬಾಬ್ತು ತಾನಾಗಿ ಅರ್ಜಿ ಸಲ್ಲಿಸುವಂತಿಲ್ಲ."

ಮಾಲೀಕರನ್ನು, ಅಂದರೆ ನಮ್ಮವಳನ್ನು, ಕರೆಸಿದರು. ನಾನು ಚಪ್ಪಲಿ ಹುಡುಕತೊಡಗಿದೆ. ಎಷ್ಟಾದರೂ ನನ್ನ ಮಂಚ, ನನ್ನ ಲೋಟ, ಅವಳ ಬೈಗುಳ ಎಲ್ಲ ನಮ್ಮ ಮನೆಯಲ್ಲಿದ್ದವು. ಗುಮಾಸ್ತ ನಮೂನೆ ಬಿಚ್ಚಿದ.

"ವಸ್ತು ಎಷ್ಟು ವರ್ಷದಿಂದ ಬಳಕೆಯಲ್ಲಿದೆ?"

"ನಲವತ್ತಾರು."

"ಸುಸ್ಥಿತಿಯಲ್ಲಿದೆಯೇ?"

"ನನ್ನ ಕೈಗೆ ಬಂದಾಗ್ಲೇ ಇರ್ಲಿಲ್ಲ."

"ಸದ್ದು ಮಾಡುತ್ತದೆಯೇ?"

"ಆಫ್ ಮಾಡೋ ಗುಂಡಿ ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೀನಪ್ಪ."

"ವಾಪಸ್ ಬೇಕೇ?"

ಅವಳು ನನ್ನನ್ನು ನೋಡಿದಳು. ಆಮೇಲೆ ಅಳಿಯನನ್ನು ನೋಡಿದಳು. ಅವನು ನೆಲದ ಮೇಲೆ ಆಗಲೇ ಹೆಣ ಕಂಡವನ ಹಾಗೆ ನಿಂತಿದ್ದ.

"ಬೇಕು ಅನ್ನೇ," ಎಂದೆ.

"ಬಾಬ್ತು ಮಾತಾಡುವಂತಿಲ್ಲ," ಎಂದ ಗುಮಾಸ್ತ.

"ಅಳಿಯಂದ್ರ ಕೆಲಸ ಉಳೀಲಿ. ಇಲ್ಲೇ ಇರ್ಲಿ ಬಿಡಿ," ಎಂದು ಅವಳು ಸಹಿ ಹಾಕಿದಳು. ಹೋಗುವಾಗ ಹಿಂತಿರುಗಿ ನೋಡಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ನೋಂದಣಿ ಕಚೇರಿಯ ಸಾಹೇಬರು ಬಂದು, ನಾನು ಸ್ಥಿರಾಸ್ತಿಯೋ ಚರಾಸ್ತಿಯೋ ಎಂದು ತಿಳಿಯಲು ಎರಡು ಸಲ ಅಲ್ಲಾಡಿಸಿದರು. ಮಂಡಿ ಹಿಡಿದುಕೊಂಡಿತ್ತು, ನಾನು ಕದಲಲಿಲ್ಲ. "ಸ್ಥಿರ" ಎಂದು ಬರೆದರು.

ತಿಂಗಳು ಕಳೆದ ಮೇಲೆ ಡಾಕ್ಟರಿಂದ ಕಂಪನಿಗೆ ಲಿಖಿತ ದೂರು ಹೋಯಿತು: "ಬಾಬ್ತು ಹದಿನಾಲ್ಕು ಹೇಳುವ ಕಥೆಯಲ್ಲಿ ಸೋಮವಾರ ಒಂದು ಹುಲಿ ಇತ್ತು. ಗುರುವಾರ ಒಂಬತ್ತಾಗಿವೆ. ಗ್ಯಾರಂಟಿ ಅವಧಿಯಲ್ಲಿರುವುದರಿಂದ ದುರಸ್ತಿ ಮಾಡಿಕೊಡುವುದು."

ಈ ಯಂತ್ರದ ಒಳಗುಟ್ಟು ಬಲ್ಲವರು ಒಬ್ಬರೇ. ಕಂಪನಿ ಅವರನ್ನೇ ಕಳಿಸಿತು. ನಮ್ಮವಳು ಕೈಚೀಲ ಹಿಡಿದು ಬಂದು ಎದುರು ನಿಂತಳು.

"ಎಷ್ಟು ಹುಲಿ?"

"ಒಂಬತ್ತು," ಎಂದೆ.

"ಬೆಕ್ಕು ಡಾಕ್ಟ್ರೇ. ಒಂದೇ. ಅದೂ ಕುಂಟು."

ಡಾಕ್ಟರ ಹೆಂಡತಿ ನಕ್ಕು ನಕ್ಕು ಕಿಟಕಿಗೆ ಆತುಕೊಂಡರು. ನಮ್ಮವಳು ನನ್ನ ಪಕ್ಕ ಕೂತು, ಯಾರಿಗೂ ಕೇಳದ ಹಾಗೆ, "ನಮ್ಮ ಮನೇಲಿ ಸದ್ದೇ ಇಲ್ಲ ಕಣ್ರೀ. ಕಣ್ಣು ಮುಚ್ಚಿದ್ರೆ ನಿದ್ದೆ ಬರಲ್ಲ," ಅಂದಳು. ಹಾಗೆ ಹೇಳಿ ಅಲ್ಲೇ ತೂಕಡಿಸಿದಳು. ದುರಸ್ತಿ ಆಯಿತೋ ಇಲ್ಲವೋ ನೋಡಲು ಬಂದಿದ್ದ ಗುಮಾಸ್ತ, ಅಲುಗಾಡದ್ದನ್ನು ಕಂಡು ಚೀಟಿ ಅಂಟಿಸಿದ: ಹದಿನಾಲ್ಕು-ಅ. ಮರುದಿನ ಅವಳ ಬೈಗುಳ, ನನ್ನ ಲೋಟ, ಎರಡೂ ಬಂದವು.

ಖಾಲಿ ಬಿದ್ದ ನಮ್ಮ ಮನೆಯನ್ನು ಅಳಿಯ ಈ ಭಾನುವಾರ ತೋರಿಸುತ್ತಾನೆ. ಈಗ ಅವನು ಕಂಪನಿಯಲ್ಲಿ ದೊಡ್ಡ ಏಜೆಂಟು. ಕಿಟಕಿ ಪಕ್ಕದ ಕುರ್ಚಿಗೆ ತನ್ನ ಅಪ್ಪನನ್ನೇ, ಅಂದರೆ ನಮ್ಮ ಬೀಗರನ್ನು, ಕರೆಸಿದ್ದಾನೆ. ಬೀಗರು ಒಳ್ಳೆಯವರು. ಆದರೆ ಕಥೆ ಬರುವುದಿಲ್ಲ, ಗೊರಕೆ ಮಾತ್ರ. ಆ ಮನೆಗೆ ಅಂಥಾ ಬೆಲೆ ಬರುತ್ತದೆಂದು ನನಗೇನೂ ಅನ್ನಿಸುವುದಿಲ್ಲ.